ಲೋಟದಲ್ಲಿ ತರಕಾರಿಗೂ ಜಾಗ: ಮನೆಯಲ್ಲೇ ಸ್ಮೂದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಕೂತು ತಿಂಡಿ ತಿನ್ನಲು ಪುರುಸೊತ್ತಿಲ್ಲದ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಹಣ್ಣು, ತರಕಾರಿ ರುಬ್ಬಿ ಕುಡಿಯುವ ಸ್ಮೂದಿಯೇ ತಿಂಡಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲೋಟದೊಳಗೆ ಏನಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಎರಡು ಬಾಳೆಹಣ್ಣು, ಅರ್ಧ ಮಾವು, ನಾಲ್ಕು ಖರ್ಜೂರ, ಒಂದು ಲೋಟ ಹಾಲು, ಕೊನೆಗೆ ಒಂದು ದೊಡ್ಡ ಚಮಚ ಜೇನುತುಪ್ಪ. ಹೀಗೆ ಮಾಡುವವರೇ ಹೆಚ್ಚು. ಆ ಒಂದು ಚಮಚ ಜೇನಿನಲ್ಲೇ ಸುಮಾರು 17 ಗ್ರಾಂ ಸಕ್ಕರೆ ಇರುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ಇಟ್ಟುಕೊಂಡರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಜೇನುತುಪ್ಪವೂ, ಹಿಂಡಿ ಸೋಸಿದ ಹಣ್ಣಿನ ರಸವೂ ಆ ಲೆಕ್ಕಕ್ಕೇ ಸೇರುತ್ತವೆ. ಹಣ್ಣಿನ ಸಿಹಿ ಇರುವಾಗ ಸಕ್ಕರೆ, ಬೆಲ್ಲ, ಜೇನು ಯಾವುದೂ ಬೇಕಿಲ್ಲ. ಇಂದಿನ ಮಾತಿನ ಮುಖ್ಯ ವಿಷಯ ಇಷ್ಟೇ: ಹಣ್ಣು ಸಿಹಿಗೆ ಎಷ್ಟು ಬೇಕೋ ಅಷ್ಟು, ಉಳಿದ ಜಾಗ ತರಕಾರಿಗೆ, ಜರಡಿ ಮಾತ್ರ ಬೇಡ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಮತ್ತು 100 ಗ್ರಾಂ ಹಣ್ಣು ಹೇಳುತ್ತದೆ. ನಮ್ಮಲ್ಲಿ ಹಣ್ಣು ಹೇಗೋ ಹೊಟ್ಟೆ ಸೇರುತ್ತದೆ, ತರಕಾರಿಯೇ ಕಡಿಮೆ ಬೀಳುವುದು. ಹಾಗಾಗಿ ಒಬ್ಬರ ಲೋಟಕ್ಕೆ ಅಳತೆ ಹೀಗಿರಲಿ: ಸಿಪ್ಪೆ ಬೀಜ ತೆಗೆದ ಹಣ್ಣು 100 ಗ್ರಾಂ, ತರಕಾರಿ ಅಥವಾ ಸೊಪ್ಪು 75ರಿಂದ 100 ಗ್ರಾಂ, ಮೊಸರು 50 ಗ್ರಾಂ, ನೀರು ಅರ್ಧ ಲೋಟ, ಜೊತೆಗೆ ಬಾದಾಮಿಯೋ ಕಡಲೆಕಾಯಿ ಬೀಜವೋ ಒಂದು ಚಮಚದಷ್ಟು. ಎಲ್ಲ ಸೇರಿ 300 ಮಿಲಿಲೀಟರ್ ಆಸುಪಾಸು ಆಗುತ್ತದೆ. ತಕ್ಕಡಿ ಇಲ್ಲದಿದ್ದರೂ ತೊಂದರೆಯಿಲ್ಲ. ಮಧ್ಯಮ ಗಾತ್ರದ ಏಲಕ್ಕಿ ಬಾಳೆ ಎರಡು ಸುಲಿದರೆ ಸುಮಾರು 100 ಗ್ರಾಂ. ಪರಂಗಿಯ ಹೋಳಾದರೆ ಮುಕ್ಕಾಲು ಬಟ್ಟಲು.

ಬರೆದುಕೊಳ್ಳುವವರು ಪೆನ್ನು ಹಿಡಿಯಿರಿ. ಮೊದಲು ಸೊಪ್ಪಿನ ಸ್ಮೂದಿ, ಏಕೆಂದರೆ ಎಡವಟ್ಟು ಹೆಚ್ಚು ಆಗುವುದು ಇದರಲ್ಲೇ.

ಎರಡು ದೊಡ್ಡ ಹಿಡಿ ಪಾಲಕ್ ಎಲೆ, ಎರಡು ಏಲಕ್ಕಿ ಬಾಳೆ, ಕಾಲು ಬಟ್ಟಲು ಮೊಸರು, ಅರ್ಧ ಲೋಟ ನೀರು, ಅರ್ಧ ಇಂಚು ಶುಂಠಿ, ಅರ್ಧ ಟೀ ಚಮಚ ನಿಂಬೆರಸ. ಪಾಲಕ್ ಎಲೆಗಳನ್ನು ಬಿಡಿಸಿ ಅಗಲ ಪಾತ್ರೆಯ ನೀರಿನಲ್ಲಿ ಮೂರು ಸಲ ತೊಳೆಯಿರಿ. ನೀರನ್ನು ಬಸಿಯಬೇಡಿ, ಸೊಪ್ಪನ್ನೇ ಕೈಯಿಂದ ಮೇಲಕ್ಕೆತ್ತಿ. ಮಣ್ಣು ತಳದಲ್ಲೇ ಉಳಿಯುತ್ತದೆ. ಆಮೇಲೆ ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ ಬಿಟ್ಟು ತೆಗೆದು, ತಣ್ಣೀರಿಗೆ ಅದ್ದಿ, ಹಿಂಡಿ. ಹಸಿಯಾಗಿ ಹಾಕಿದರೆ ಏನಾಗುತ್ತದೆ ಎಂದು ಕೇಳಬಹುದು. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ. ಅದು ಸುಣ್ಣದಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿ ಇರುವವರಿಗೆ ಅದೇ ದಾರಿಯಾಗುತ್ತದೆ. ಕುದಿಸಿದ ನೀರನ್ನು ಚೆಲ್ಲಿದರೆ ಅದರಲ್ಲಿ ಒಂದು ಪಾಲು ಹೋಗುತ್ತದೆ. ಆ ನೀರನ್ನು ಸಾರಿಗೆ ಹಾಕಬೇಡಿ. ದಂಟು, ಹರಿವೆಗೂ ಇದೇ ಮಾತು. ದಿನಾ ಪಾಲಕ್ ಬೇಡ, ವಾರಕ್ಕೆರಡು ದಿನ ಸಾಕು. ಉಳಿದ ದಿನ ಸೌತೆ, ಪುದೀನ, ಕೊತ್ತಂಬರಿ, ಕ್ಯಾರೆಟ್ ಇದ್ದೇ ಇವೆ.

ಕುದಿನೀರಿನಿಂದ ಇನ್ನೊಂದು ಲಾಭವಿದೆ. ಸೊಪ್ಪಿಗೆ ಅಂಟಿದ ರೋಗಾಣುಗಳ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ವೃಷಭಾವತಿಯಂಥ ಕೊಳಚೆ ಸೇರಿದ ಹೊಳೆನೀರಿನಲ್ಲಿ ಬೆಳೆದ ಸೊಪ್ಪಿನ ಒಳಗಿರಬಹುದಾದ ಭಾರಲೋಹ ಎಷ್ಟು ತೊಳೆದರೂ, ಕುದಿಸಿದರೂ ಹೋಗದು. ಸೊಪ್ಪಿನವರನ್ನು ಎಲ್ಲಿ ಬೆಳೆದದ್ದು ಎಂದು ವಿಚಾರಿಸುವುದಕ್ಕೆ ಸಂಕೋಚ ಬೇಡ. ಬಾಲ್ಕನಿಯಲ್ಲಿ ಎರಡು ಕುಂಡದ ಜಾಗವಿದ್ದರೆ ಪುದೀನ, ದೊಡ್ಡಪತ್ರೆ ಬೆಳೆಸಿಕೊಳ್ಳಿ, ಒಂದು ಲೋಟಕ್ಕೆ ನಾಲ್ಕೆಲೆ ಸಾಕು.

ಸೊಪ್ಪು ಕುಡಿಯುವುದೆಂದರೆ ಮುಖ ಸಿಂಡರಿಸುವವರು ಮಲೆನಾಡಿನ ತಂಬುಳಿಯನ್ನು ನೆನೆಸಿಕೊಳ್ಳಲಿ. ಒಂದೆಲಗವನ್ನು ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸುವ ಆ ಕ್ರಮಕ್ಕೂ ಇದಕ್ಕೂ ದೂರವಿಲ್ಲ. ಸೊಪ್ಪಿನ ಒಗರನ್ನು ತೆಂಗಿನ ಜಿಡ್ಡು, ಮಜ್ಜಿಗೆಯ ಹುಳಿ ಅಲ್ಲಿ ತಗ್ಗಿಸುತ್ತವೆ. ಸ್ಮೂದಿಯಲ್ಲೂ ಒಗರು ಹೆಚ್ಚೆನಿಸಿದರೆ ಇನ್ನೊಂದು ಬಾಳೆಹಣ್ಣಿಗೆ ಕೈ ಹಾಕುವ ಮೊದಲು ಒಂದು ಚಮಚ ಕಾಯಿತುರಿ, ಒಂದೆರಡು ಹನಿ ನಿಂಬೆ, ಚಿಟಿಕೆ ಉಪ್ಪು ಹಾಕಿ ನೋಡಿ.

ಈಗ ಮಿಕ್ಸಿಯ ಮಾತು. ದುಬಾರಿ ಬ್ಲೆಂಡರ್ ಬೇಡವೇ ಬೇಡ. ಚಟ್ನಿ, ಹಿಟ್ಟು ರುಬ್ಬುವ 500 ಅಥವಾ 750 ವ್ಯಾಟಿನ ಮಿಕ್ಸಿಯೇ ಸಾಕು. ಒಬ್ಬರಿಗಾದರೆ ಒಂದು ಲೀಟರಿನ ಮಧ್ಯದ ಜಾರ್ ತೆಗೆದುಕೊಳ್ಳಿ. ದೊಡ್ಡ ಜಾರಿನಲ್ಲಿ ಸ್ವಲ್ಪವೇ ಹಾಕಿದರೆ ಎಲ್ಲವೂ ಗೋಡೆಗೆ ಎರಚಿ, ಬ್ಲೇಡಿಗೆ ಏನೂ ಸಿಗದೆ ತಿರುಗುತ್ತದೆ. ಮೂರನೇ ಎರಡು ಪಾಲಿಗಿಂತ ಹೆಚ್ಚು ತುಂಬಬೇಡಿ.

ಹಾಕುವ ಕ್ರಮದಲ್ಲೇ ಅರ್ಧ ಕೆಲಸ ಇದೆ. ಮೊದಲು ಸೊಪ್ಪು, ಶುಂಠಿ, ಬಾದಾಮಿ, ಬೆಂದ ತರಕಾರಿ, ಜೊತೆಗೆ ಅಳತೆಯ ಅರ್ಧದಷ್ಟು ನೀರು. ಇಷ್ಟನ್ನೇ ಮೊದಲನೇ ವೇಗದಲ್ಲಿ ಶುರುಮಾಡಿ ಎರಡನೆಯದಕ್ಕೆ ಏರಿಸಿ 40 ಸೆಕೆಂಡು ರುಬ್ಬಿ. ಮುಚ್ಚಳ ತೆಗೆದು ಅಂಚನ್ನು ಚಮಚದಿಂದ ಕೆಳಗೆ ತಳ್ಳಿ. ಬೆರಳಿಗೆ ತಾಗಿಸಿದಾಗ ತರಿ ಸಿಗಬಾರದು. ಆಮೇಲೆ ಹಣ್ಣು, ಉಳಿದ ನೀರು ಹಾಕಿ 20 ಸೆಕೆಂಡು. ಮೊಸರನ್ನು ಕೊನೆಗೆ ಹಾಕಿ ಗುಂಡಿಯನ್ನು ಎಡಕ್ಕೆ ಎರಡು ಮೂರು ಸಲ ತಿರುಗಿಸಿ ಬಿಡಿ, ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೆತ್ತನೆ ಬಾಳೆಹಣ್ಣು ಬ್ಲೇಡಿನ ಸುತ್ತ ಗೂಡು ಕಟ್ಟಿ, ಸೊಪ್ಪಿನ ನಾರು ಹಾಗೇ ಮೇಲೆ ಉಳಿಯುತ್ತದೆ. ಕುಡಿಯುವಾಗ ಗಂಟಲಿಗೆ ಸಿಗುವುದು ಅದೇ ನಾರು. ಆಗ ಜನ ಸೋಸುತ್ತಾರೆ. ಸೋಸಿದರೆ ಬೇಕಾದದ್ದೇ ಜರಡಿಯಲ್ಲಿ ಉಳಿಯಿತು.

ಮೋಟಾರು ಜೋರಾಗಿ ಸದ್ದು ಮಾಡುತ್ತಿದೆ, ಒಳಗೆ ಏನೂ ಕದಲುತ್ತಿಲ್ಲ ಎಂದರೆ ಬ್ಲೇಡಿನ ಸುತ್ತ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ನಿಲ್ಲಿಸಿ, ಜಾರನ್ನು ಅಲ್ಲಾಡಿಸಿ, ಎರಡು ಚಮಚ ನೀರು ಸೇರಿಸಿ. ಹಾಗೇ ಓಡಿಸುತ್ತಾ ಹೋದರೆ ಮೋಟಾರು ಬಿಸಿಯಾಗಿ ತಾನಾಗಿ ನಿಲ್ಲುತ್ತದೆ. ಆಗ ಪ್ಲಗ್ ತೆಗೆದು ಐದು ಹತ್ತು ನಿಮಿಷ ಆರಲು ಬಿಟ್ಟು, ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಎಷ್ಟೋ ಮನೆಗಳಲ್ಲಿ ಈ ಗುಂಡಿ ಗೊತ್ತಿಲ್ಲದೆ ಮಿಕ್ಸಿಯನ್ನು ರಿಪೇರಿ ಅಂಗಡಿಗೆ ಹೊತ್ತೊಯ್ಯುತ್ತಾರೆ. ಬರೀ ನೊರೆಯೇ ಬಂದರೆ ನೀರು ಹೆಚ್ಚಾಗಿದೆ, ಇಲ್ಲವೇ ಹೆಚ್ಚು ಹೊತ್ತು ರುಬ್ಬಿದ್ದೀರಿ. ಬಿಸಿ ತರಕಾರಿ ಹಾಕಿ ಮುಚ್ಚಳ ಬಿಗಿದರೆ ಒಳಗಿನ ಹಬೆ ಮುಚ್ಚಳವನ್ನೇ ಎಸೆಯುತ್ತದೆ, ಪೂರ್ತಿ ಆರಿಸಿಯೇ ಹಾಕಿ.

ಐಸ್ ತುಂಡುಗಳನ್ನು ಚಟ್ನಿ ಬ್ಲೇಡಿಗೆ ಕೊಡಬೇಡಿ, ಅಂಚು ಮೊಂಡಾಗುತ್ತದೆ. ತಂಪು ಬೇಕೆಂದರೆ ಹಣ್ಣನ್ನೇ ಫ್ರೀಜರಿಗೆ ಹಾಕಿ. ಚೆನ್ನಾಗಿ ಕಳಿತ ಬಾಳೆಯನ್ನು ಬಿಲ್ಲೆ ಮಾಡಿ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ರುಬ್ಬುವ ಮೊದಲು ಐದು ನಿಮಿಷ ಹೊರಗಿಟ್ಟರೆ ಸಾಕು.

ಎರಡನೆಯದು ಕ್ಯಾರೆಟ್ ಮತ್ತು ಪರಂಗಿ. ಒಂದು ಕ್ಯಾರೆಟ್ಟನ್ನು ಹಬೆಯಲ್ಲಿ ಎಂಟು ನಿಮಿಷ ಬೇಯಿಸಿ. ಹಸಿ ಕ್ಯಾರೆಟ್ ಮನೆ ಮಿಕ್ಸಿಯಲ್ಲಿ ಎಂದೂ ನುಣ್ಣಗಾಗದು. ಬೇಯಿಸಿದರೆ ಅದರಲ್ಲಿರುವ, ಎ ಜೀವಸತ್ವವಾಗಿ ಬದಲಾಗುವ ಬೀಟಾ ಕ್ಯಾರೊಟೀನ್ ದೇಹಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತದೆ, ಅದಕ್ಕೆ ಸ್ವಲ್ಪ ಕೊಬ್ಬಿನಂಶವೂ ಬೇಕು. ಹಾಗಾಗಿ ರಾತ್ರಿ ನೆನೆಸಿ ಸಿಪ್ಪೆ ತೆಗೆದ ಆರು ಬಾದಾಮಿ ಹಾಕಿ. ಬಾದಾಮಿ ದುಬಾರಿ ಎನಿಸಿದರೆ ಹುರಿದ ಕಡಲೆಕಾಯಿ ಬೀಜ ಒಂದು ಚಮಚ, ಕೆಲಸ ಅದೇ. ಪರಂಗಿಯ ಹೋಳು ಮುಕ್ಕಾಲು ಬಟ್ಟಲು, ಅರ್ಧ ಲೋಟ ನೀರು, ನಿಂಬೆರಸ, ಒಂದು ಚಿಟಿಕೆ ಕರಿಮೆಣಸಿನ ಪುಡಿ. ಇದಕ್ಕೆ ಹಾಲು, ಮೊಸರು ಬೇಡ. ಪರಂಗಿ, ಅನಾನಸ್, ಕಿವಿ ಹಣ್ಣುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ. ಹಾಲಿನೊಂದಿಗೆ ಅರ್ಧ ಗಂಟೆ ಇಟ್ಟರೆ ಕಹಿಯಾಗುತ್ತದೆ. ಅನಾನಸ್ಸಿಗೆ ಮೊಸರು ಬೇಕೇ ಬೇಕು ಎನ್ನುವವರು ಹೋಳುಗಳನ್ನು ಎರಡು ಮೂರು ನಿಮಿಷ ಕುದಿಸಿ ಆರಿಸಿಕೊಳ್ಳಿ, ಕಿಣ್ವದ ಶಕ್ತಿ ಮುಗಿಯುತ್ತದೆ.

ಬೀಟ್‌ರೂಟಿಗೆ ಮಣ್ಣಿನ ವಾಸನೆ ಎಂದು ದೂರುವವರಿದ್ದಾರೆ. ಹುಳಿ ಬಿದ್ದರೆ ಆ ವಾಸನೆ ತಗ್ಗುತ್ತದೆ. ಬೆಂದ ಬೀಟ್‌ರೂಟ್ ಅರ್ಧ, ಬೀಜ ತೆಗೆದ ಕಿತ್ತಳೆ ಒಂದು, ಮೊಸರು ಎರಡು ಚಮಚ. ಕಿತ್ತಳೆ ಬೀಜ ಒಂದು ಸಿಕ್ಕಿಕೊಂಡರೂ ಇಡೀ ಲೋಟ ಕಹಿ. ಮಾರನೆಯ ದಿನ ಮೂತ್ರ ಕೆಂಪಗಾದರೆ ಗಾಬರಿಯಾಗಬೇಡಿ, ಅದು ಬೀಟ್‌ರೂಟಿನ ಬಣ್ಣ.

ಸೋರೆಕಾಯಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಬೇಕು. ಹಸಿ ಸೋರೆಕಾಯಿ ರಸ ಕುಡಿದು ಪ್ರಾಣಕ್ಕೆ ಅಪಾಯವಾದ ಪ್ರಕರಣಗಳು ದೇಶದಲ್ಲಿ ಆಗಿವೆ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚುವ ಮೊದಲು ಒಂದು ಸಣ್ಣ ಹೋಳನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಕಸಕ್ಕೆ. ಸೌತೆಕಾಯಿಗೂ ಇದೇ ನಿಯಮ. ಹಾಗಲಕಾಯಿಯ ಕಹಿಯಂತೆ ಆರೋಗ್ಯಕ್ಕೆ ಒಳ್ಳೆಯದೆಂದು ಕಣ್ಣುಮುಚ್ಚಿ ಕುಡಿಯುವಂಥದ್ದಲ್ಲ ಇದು. ಸೋರೆಕಾಯಿಯನ್ನು ಪಲ್ಯ ಮಾಡಿ ತಿನ್ನಿ, ಲೋಟಕ್ಕೆ ತರಬೇಡಿ ಎಂಬುದೇ ನನ್ನ ಅಭಿಪ್ರಾಯ.

ಹಣ್ಣನ್ನು ಋತುವಿಗೆ ತಕ್ಕಂತೆ ಆರಿಸಿಕೊಳ್ಳಿ. ಮೇ, ಜೂನಿನಲ್ಲಿ ಬಾದಾಮಿ, ರಸಪುರಿ ಮಾವು ಬಂದಾಗ ಬಾಳೆಗೆ ರಜೆ ಕೊಡಿ. ಸೀಬೆಹಣ್ಣಿನಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು ಇದೆ, ಬೆಲೆಯೂ ಕಡಿಮೆ. ಅದರ ಬೀಜದ ಭಾಗವನ್ನು ಮಾತ್ರ ಚಮಚದಿಂದ ಕೆತ್ತಿ ತೆಗೆಯಿರಿ. ಬೆಂಗಳೂರು ನೀಲಿ ದ್ರಾಕ್ಷಿಯ ಬೀಜ ಒಡೆದರೆ ಒಗರು. ಇದೊಂದಕ್ಕೆ ಜರಡಿ ಸರಿ: ಎರಡು ಸಲ ತಿರುಗಿಸಿ ನಿಲ್ಲಿಸಿ, ಬೀಜವನ್ನಷ್ಟೇ ತಡೆಯುವ ದೊಡ್ಡ ಕಣ್ಣಿನ ಜರಡಿಯಲ್ಲಿ ಉಜ್ಜಿ. ದ್ರಾಕ್ಷಿಯನ್ನು ಬಾಳೆಹಣ್ಣಿನೊಂದಿಗೆ ಸೇರಿಸಬೇಡಿ. ಬಾಳೆಯನ್ನು ಕಪ್ಪಾಗಿಸುವ ಕಿಣ್ವವು ಫ್ಲಾವನಾಲ್ ಎಂಬ ಒಳ್ಳೆಯ ಅಂಶವನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆ ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ದ್ರಾಕ್ಷಿ, ನೇರಳೆ, ಕೋಕೋಗಳಿಗೆ ಮಾವು, ಅನಾನಸ್, ಕಿತ್ತಳೆಯ ಜೊತೆಯೇ ವಾಸಿ.

ದ್ರಾಕ್ಷಿ, ಸೇಬನ್ನು ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಕದಡಿ ಹದಿನೈದು ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಸಿಪ್ಪೆಯ ಮೇಲಿನ ಕೀಟನಾಶಕ ಬಹುಪಾಲು ಹೋಗುತ್ತದೆ, ಒಳಗೆ ಇಳಿದದ್ದು ಹೋಗದು.

ಸಿಹಿ ಬೇಡವೇ ಬೇಡ ಎನ್ನುವವರಿಗೆ ಕೊಡಗು, ಚಿಕ್ಕಮಗಳೂರಿನ ಬೆಣ್ಣೆಹಣ್ಣು ಕಾಲು ಭಾಗ, ಸೌತೆಕಾಯಿ ಅರ್ಧ, ಮಜ್ಜಿಗೆ ಒಂದು ಲೋಟ, ಪುದೀನ, ಉಪ್ಪು, ಹುರಿದ ಜೀರಿಗೆ. ಮಕ್ಕಳಿಗೆ ಹೊಟ್ಟೆ ತುಂಬಬೇಕಾದರೆ ಸಪೋಟ ಒಂದು, ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಲೋಟ, ರಾಗಿ ಹುರಿಹಿಟ್ಟು ಒಂದೂವರೆ ಚಮಚ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹುರಿಹಿಟ್ಟೇ ಆಗಬೇಕು, ಹಸಿ ರಾಗಿಹಿಟ್ಟು ಹೊಟ್ಟೆ ಕೆಡಿಸುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಯಾವುದರಲ್ಲೂ ಜೇನುತುಪ್ಪ ಕೂಡದು.

ಮೂತ್ರಪಿಂಡದ ತೊಂದರೆ ಇರುವವರಿಗೆ ಬಾಳೆ, ಎಳನೀರಿನ ಪೊಟ್ಯಾಶಿಯಂ ಭಾರವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಹೆಚ್ಚಿಸಬಾರದು. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿದ್ದರೂ ಕೊಲೆಸ್ಟರಾಲಿನ ಕೆಲವು ಮಾತ್ರೆಗಳೊಂದಿಗೆ ಹೊಂದುವುದಿಲ್ಲ. ಇವರೆಲ್ಲ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಸಕ್ಕರೆ ಕಾಯಿಲೆಯವರು ಹಣ್ಣನ್ನು 50 ಗ್ರಾಂಗೆ ಇಳಿಸಿ, ನಿಧಾನವಾಗಿ ಚಮಚದಲ್ಲಿ ತಿನ್ನಿ. ಗಟಗಟನೆ ಕುಡಿದರೆ ಹೊಟ್ಟೆ ತುಂಬಿದ್ದೇ ತಿಳಿಯದು. ಇಡ್ಲಿ ತಿಂದ ಮೇಲೆ ಇನ್ನೊಂದು ಲೋಟ ಎಂದಾದರೆ ಅದು ತಿಂಡಿಯ ಮೇಲೆ ತಿಂಡಿ.

ಮಾಡಿದ ಅರ್ಧ ಗಂಟೆಯೊಳಗೆ ಮುಗಿಸಿ. ಆಫೀಸಿಗೆ ಒಯ್ಯಬೇಕಾದರೆ ನಿಂಬೆರಸ ಬೆರೆಸಿ, ಸ್ಟೀಲ್ ಫ್ಲಾಸ್ಕನ್ನು ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ, ಅಂಚಿನವರೆಗೆ ತುಂಬಿ ಮುಚ್ಚಿ. ಗಾಳಿ ಕಡಿಮೆಯಾದಷ್ಟೂ ಬಣ್ಣ ಉಳಿಯುತ್ತದೆ. ಜಾರ್ ಖಾಲಿಯಾದ ಕೂಡಲೇ ಒಂದು ಲೋಟ ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಹತ್ತು ಸೆಕೆಂಡು ಓಡಿಸಿ. ಮುಚ್ಚಳದ ರಬ್ಬರನ್ನು ಬಿಚ್ಚಿ ಬೇರೆಯಾಗಿ ತೊಳೆದು, ಜಾರನ್ನು ಬೋರಲು ಹಾಕಿ ಒಣಗಿಸಿ. ಬೂಸಲು ಮೊದಲು ಕೂರುವುದು ಆ ರಬ್ಬರಿನ ಸಂದಿನಲ್ಲೇ. ನಮಸ್ಕಾರ.