ನಡುಹಳಿಯ ಹಟ: ಮೇರ್ಕ್ಲಿನ್ ರೈಲುಗಳ ಬಗ್ಗೆ ಜನ ಆಡುವ ಮಾತು

ನಮಸ್ಕಾರ. ಮಾದರಿ ರೈಲುಗಳ ಹವ್ಯಾಸಿಗಳು ಸೇರಿದ ಕಡೆ ಮೇರ್ಕ್ಲಿನ್ ಎಂಬ ಹೆಸರು ಬಂದರೆ ಸಾಕು, ವಾದ ಶುರುವಾಗುತ್ತದೆ. 1859ರಲ್ಲಿ ಜರ್ಮನಿಯ ಗೊಪ್ಪಿಂಗೆನ್‌ನಲ್ಲಿ ಗೊಂಬೆಮನೆಯ ಅಡುಗೆ ಪಾತ್ರೆಗಳನ್ನು ತಯಾರಿಸುತ್ತ ಹುಟ್ಟಿದ ಈ ಕಂಪನಿ, 1891ರ ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನೂ ಅದಕ್ಕೆ ಹೊಂದುವ ಹಳಿಗಳನ್ನೂ ನಿಗದಿತ ಅಳತೆಯಲ್ಲಿ ಮುಂದಿಟ್ಟಿತು. ಒಮ್ಮೆ ಕೊಂಡವರು ಹಳಿ, ಡಬ್ಬಿ, ನಿಲ್ದಾಣ ಎಂದು ಮತ್ತೆ ಮತ್ತೆ ಅಂಗಡಿಗೆ ಬರುವಂತೆ ಮಾಡಿದ ಜಾಣತನ ಅದು.

ಆಕ್ಷೇಪಿಸುವವರ ಮುಖ್ಯ ದೂರು ಹಳಿಯದು. ನಿಜವಾದ ರೈಲುದಾರಿಯಲ್ಲಿ ಕಾಣದ ಲೋಹದ ಗುಬುಟುಗಳ ಸಾಲೊಂದು ಮೇರ್ಕ್ಲಿನ್‌ನ ಎಚ್‌ಓ (ನಿಜವಾದ ರೈಲಿನ 87ರಲ್ಲೊಂದು ಪಾಲು ಅಳತೆಯ) ಹಳಿಗಳ ನಡುವೆ ಇರುತ್ತದೆ; ನಡುಹಳಿ ಎಂದರೆ ಇದೇ. ಎಂಜಿನ್ನಿನ ಅಡಿಯ ಜಾರುಪಟ್ಟಿ ಅವುಗಳಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. "ಇದು ಮಾದರಿಯಲ್ಲ, ಬರೀ ಆಟಿಕೆ" ಎಂಬ ತಿರಸ್ಕಾರ ಹುಟ್ಟುವುದು ಇಲ್ಲಿಂದ. ಆದರೆ ಎಡ, ಬಲ ಹಳಿಗಳೇ ವಿದ್ಯುತ್ತಿನ ಎರಡು ಧ್ರುವಗಳಾಗಿರುವ, ನಡುಹಳಿಯಿಲ್ಲದ ಪದ್ಧತಿಯಲ್ಲಿ ದಾರಿ ಸುತ್ತು ಹಾಕಿ ತನ್ನನ್ನೇ ಬಂದು ಸೇರಿದರೆ ಎಡಹಳಿ ಬಲಹಳಿಯನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ, ಅದನ್ನು ತಪ್ಪಿಸಲು ಬೇರೆಯೇ ಏರ್ಪಾಡು ಬೇಕು. ಮೇರ್ಕ್ಲಿನ್‌ನಲ್ಲಿ ಎರಡು ಬದಿಯ ಹಳಿಗಳೂ ವಿದ್ಯುತ್ತಿನ ದೃಷ್ಟಿಯಿಂದ ಒಂದೇ ಆದ್ದರಿಂದ ಮಗುವೂ ಧೈರ್ಯವಾಗಿ ಅಂಥ ದಾರಿಯನ್ನು ಜೋಡಿಸಬಹುದು. ಈ ಪದ್ಧತಿಯನ್ನು ಕೈಬಿಡದ ಕಾರಣದಿಂದಲೇ 1950ರ ದಶಕದ ಎಂಜಿನ್ ಸುಸ್ಥಿತಿಯಲ್ಲಿದ್ದರೆ ಮೇರ್ಕ್ಲಿನ್ ಇಂದು ಮಾರುವ ಸಿ-ಹಳಿ ಎಂಬ ಹೊಸ ಹಳಿಯ ಮೇಲೂ ಓಡುತ್ತದೆ. ಹಟಮಾರಿತನವೆಂದು ಕೆಲವರು ಹಳಿಯುವುದನ್ನು ನಾನು ಹಳೆಯ ಗಿರಾಕಿಗೆ ತೋರಿದ ಮರ್ಯಾದೆಯೆಂದೇ ಭಾವಿಸುತ್ತೇನೆ.

2009ರಲ್ಲಿ, ಕಂಪನಿಗೆ ನೂರೈವತ್ತು ತುಂಬಿದ ವರ್ಷದಲ್ಲೇ, ಅದು ದಿವಾಳಿ ಅರ್ಜಿ ಸಲ್ಲಿಸಿತು. ಮಕ್ಕಳೆಲ್ಲ ಕಂಪ್ಯೂಟರ್ ಆಟಗಳಿಗೆ ಮರುಳಾದರು, ಇನ್ನು ಇದರ ಕಥೆ ಮುಗಿಯಿತು ಎಂದವರು ಬಹಳ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ 2006ರಲ್ಲಿ ಒಂದು ಹೂಡಿಕೆ ಸಂಸ್ಥೆ ಅದನ್ನು ಕೊಂಡಿತ್ತೆಂಬುದನ್ನೂ, ಸಲಹೆಗಾರರಿಗೆ ತೆತ್ತ ಭಾರೀ ಶುಲ್ಕದ ಬಗ್ಗೆ ಆಗಿನ ಪತ್ರಿಕೆಗಳು ಬರೆದುದನ್ನೂ ಮರೆತು ಮಕ್ಕಳನ್ನಷ್ಟೇ ದೂರುವುದು ನ್ಯಾಯವಲ್ಲ. 2013ರಲ್ಲಿ ಆಟಿಕೆ ವ್ಯಾಪಾರವನ್ನೇ ಬಲ್ಲ ಸಿಂಬಾ ಡಿಕಿ ಸಮೂಹದ ಕುಟುಂಬದವರು ಅದನ್ನು ವಹಿಸಿಕೊಂಡರು.

ಬೆಲೆಯ ದೂರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಧ್ವನಿ, ದೀಪ, ಲೋಹದ ಮೈ ಇರುವ ಒಂದು ಎಂಜಿನ್ನಿಗೆ ಹಲವು ನೂರು ಯೂರೋ ಕೊಡಬೇಕು. ಪುಟ್ಟ ಮಕ್ಕಳಿಗೆಂದು ಮೈ ವರ್ಲ್ಡ್ ಎಂಬ ಬ್ಯಾಟರಿ ರೈಲುಗಳು ಬಂದಿವೆ, ಅವು ಅಗ್ಗವೂ ಹೌದು. ಆದರೆ ಅಲ್ಲಿಂದ ಮುಂದಿನ ಮೆಟ್ಟಿಲು ಸಾಮಾನ್ಯ ಸಂಬಳದ ಮನೆಗಳಿಗೆ ಇನ್ನೂ ಎತ್ತರದಲ್ಲೇ ಇದೆ.