2 ಲೀಟರ್, 23 ವರ್ಷ, ತಲಪಾಡಿ ಗಡಿ

ಸಭೆಯಲ್ಲಿರುವ ಹಿರಿಯರೇ, ತಾಯಂದಿರೇ, ಇವತ್ತಿನ ಮಾತು ಮುಖ್ಯವಾಗಿ ಯಾರಿಗಾಗಿಯೋ ಆ ಕಾಲೇಜು ಮಕ್ಕಳೇ,

ಗಲ್ಫಿನಲ್ಲಿ ಅಪ್ಪ ಅಮ್ಮನ ಜೊತೆ ರಜೆ ಕಳೆದು ಬರುವವರು, ಹೊರದೇಶದಲ್ಲಿ ಎಂಬಿಬಿಎಸ್ ಓದುತ್ತಿರುವವರು ನಮ್ಮ ಕಾಸರಗೋಡಿನಲ್ಲಿ ಊರೂರಿಗೂ ಇದ್ದಾರೆ. ವಿಮಾನ ಹತ್ತುವ ಹಿಂದಿನ ದಿನ ಊರಿಂದ ಫೋನು ಬರುತ್ತದೆ: "ಡ್ಯೂಟಿ ಫ್ರೀಯಿಂದ ಎರಡು ಕುಪ್ಪಿ ಹಿಡ್ಕೊಂಡು ಬಾ ಮಗಾ, ನಿನ್ನ ಪಾಸ್‌ಪೋರ್ಟಿಗೆ ಹೇಗೂ ಸಿಗ್ತದಲ್ಲ." ಕೇಳುವುದು ವಿಮಾನ ನಿಲ್ದಾಣದ ಸುಂಕವಿಲ್ಲದ ಅಂಗಡಿಯ ಮದ್ಯವನ್ನು. ಕೇಳಿದವರು ಮಾವನೋ ಭಾವನೋ ಆಗಿರುತ್ತಾರೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆ ಮಾತಿನಲ್ಲಿ ಎಷ್ಟು ನಿಜ, ಎಲ್ಲಿಂದಾಚೆ ಅದು ಸುಳ್ಳು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ನಿಜದ ಭಾಗ ಇದು. ಭಾರತಕ್ಕೆ ಬರುವ ಪ್ರಯಾಣಿಕ 2 ಲೀಟರಿನಷ್ಟು ಮದ್ಯವನ್ನು ಸುಂಕವಿಲ್ಲದೆ ತರಬಹುದು. ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ 2 ಲೀಟರ್. ಒಂದೊಂದಕ್ಕೂ ಬೇರೆ ಬೇರೆ 2 ಲೀಟರ್ ಎಂದು ತಿಳಿದುಕೊಂಡವರು ಬಹಳ ಮಂದಿ. ಲೆಕ್ಕ ತಪ್ಪುವುದು ಹೆಚ್ಚಾಗಿ 750 ಮಿಲಿ ಕುಪ್ಪಿಯಿಂದ. "ಎರಡು ತಗೊಂಡರೆ ಮೂರನೆಯದಕ್ಕೆ ರಿಯಾಯಿತಿ" ಎಂಬ ಬೋರ್ಡು ನೋಡಿ ಮೂರು ಎತ್ತಿಕೊಂಡರೆ 2.25 ಲೀಟರ್ ಆಯಿತು. 250 ಮಿಲಿ ಹೆಚ್ಚು. ಒಂದು ಲೀಟರಿನ ಎರಡು ಕುಪ್ಪಿಯಾದರೆ ಸರಿಯಾಗಿ 2 ಲೀಟರ್. 330 ಮಿಲಿಯ ಬಿಯರ್ ಡಬ್ಬಿ ಆರಾದರೆ 1.98 ಲೀಟರ್, ಅಲ್ಲಿಗೆ ಮುಗಿಯಿತು, ಅದರ ಜೊತೆ ಇನ್ನು ಯಾವ ಕುಪ್ಪಿಗೂ ಜಾಗವಿಲ್ಲ. ಮಿತಿ ಮೀರಿದ ಮದ್ಯಕ್ಕೆ ಬೀಳುವ ಸುಂಕ ಕುಪ್ಪಿಯ ಬೆಲೆಯನ್ನೇ ದಾಟಿಬಿಡುತ್ತದೆ.

ಇನ್ನೂ ಎರಡು ವಿಷಯ ಇದಕ್ಕೆ ಅಂಟಿಕೊಂಡಿವೆ. ಸುಂಕವಿಲ್ಲದೆ ತರುವ ಸಾಮಾನಿಗೆ ಒಟ್ಟು ಇಂತಿಷ್ಟು ರೂಪಾಯಿ ಎಂಬ ಮಿತಿ ಇದೆ. ಆ ಮೊತ್ತ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಿ. 2 ಲೀಟರಿನೊಳಗಿನ ಕುಪ್ಪಿಯ ಬೆಲೆಯೂ ಅದರೊಳಗೇ ಸೇರುತ್ತದೆ, ಆದ್ದರಿಂದ ಫೋನು, ಅತ್ತರು, ಚಾಕಲೇಟಿನ ಜೊತೆ ದುಬಾರಿ ಕುಪ್ಪಿ ಇಟ್ಟುಕೊಂಡವರು ಕೂಡಿಸಿ ನೋಡಬೇಕು. ಎರಡನೆಯದು, ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿಗೆ ಸೇರಿಸುವಂತಿಲ್ಲ. ಅಪ್ಪ, ಅಮ್ಮ, ಮಗ, ಮಗಳು ಎಂದು ನಾಲ್ವರ ಲೆಕ್ಕ ಹಾಕಿ ಅಪ್ಪನ ಪೆಟ್ಟಿಗೆಯಲ್ಲಿ 8 ಲೀಟರ್ ತುಂಬಿದರೆ ಅಪ್ಪನಿಗೆ ಸಿಗುವುದು 2 ಲೀಟರ್ ಮಾತ್ರ. ಎರಡು ವರ್ಷದೊಳಗಿನ ಮಗುವಿನ ಹೆಸರಲ್ಲಿ ಅದು ಬಳಸಿದ ಬಟ್ಟೆಬರೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಈಗ ವಯಸ್ಸಿನ ಮಾತು. ಅಮೆರಿಕದಲ್ಲಿ 21 ತುಂಬದವರು ಉಡುಗೊರೆಗೆಂದೂ ಮದ್ಯ ಒಳಗೆ ತರುವಂತಿಲ್ಲ, ಅದನ್ನು ಕಸ್ಟಮ್ಸ್ ಬಾಗಿಲಲ್ಲೇ ತಡೆಯುತ್ತಾರೆ. ನಮ್ಮ ಬ್ಯಾಗೇಜ್ ನಿಯಮದ 2 ಲೀಟರಿನ ಸಾಲಿನಲ್ಲಿ ವಯಸ್ಸಿನ ಮಾತೇ ಇಲ್ಲ. "ಪಾಸ್‌ಪೋರ್ಟಿಗೆ ಸಿಗ್ತದೆ" ಎಂಬ ಧೈರ್ಯ ಹುಟ್ಟಿದ್ದು ಈ ಖಾಲಿ ಜಾಗದಿಂದ. ಆದರೆ ನಮ್ಮ ದೇಶದಲ್ಲಿ ಮದ್ಯ ರಾಜ್ಯದ ವಿಷಯ, ವಯಸ್ಸನ್ನು ಹೇಳುವುದು ರಾಜ್ಯದ ಅಬಕಾರಿ ಕಾನೂನು. ಕೇರಳದಲ್ಲಿ 23. ಮೊದಲು 21 ಇತ್ತು, 2017ರ ಕೊನೆಯಲ್ಲಿ ಏರಿಸಿದರು. ಕರ್ನಾಟಕದ ಅಬಕಾರಿ ನಿಯಮ 21 ಎನ್ನುತ್ತದೆ. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿಗೆ 25. ಅಂದರೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ 22ರ ಹುಡುಗ ಮಂಗಳೂರಿನಲ್ಲಿ ನಿಂತಿರುವಷ್ಟು ಹೊತ್ತು ವಯಸ್ಸಿಗೆ ಬಂದವನು, ತಲಪಾಡಿಯ ಕೇರಳ ಗಡಿ ದಾಟಿದ ಕೂಡಲೇ ವಯಸ್ಸು ಸಾಲದವನು. ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿದರೆ ಆ ಅಂತರವೂ ಇಲ್ಲ, ಹೊರಗೆ ಕಾಲಿಟ್ಟರೆ ಕೇರಳ.

ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಇರುವಷ್ಟು ಅಪಾಯ ಬೇರೆಯವರಿಗಿಲ್ಲ. ಬೆಂಗಳೂರಿನವರಿಗೆ ಗಡಿ ಒಂದೇ, ಅದು ವಿಮಾನ ನಿಲ್ದಾಣ. ಮಂಗಳೂರಿನಲ್ಲಿ ಇಳಿಯುವ ನಮಗೆ ಎರಡು. ಕಸ್ಟಮ್ಸ್ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಕೇರಳದ ಎಕ್ಸೈಸಿನವರು, ಅಂದರೆ ಅಬಕಾರಿ ಇಲಾಖೆಯವರು, ಕಾರು ನಿಲ್ಲಿಸುತ್ತಾರೆ. ಅವರು ಹುಡುಕುವುದು ಕರ್ನಾಟಕದ ಅಗ್ಗದ ಮದ್ಯವನ್ನು. ಕೇರಳದ ತೆರಿಗೆ ಕಟ್ಟದ ಹೊರರಾಜ್ಯದ ಮದ್ಯ ಸಾಗಿಸಿದರೆ ಆ ರಾಜ್ಯದ ಅಬಕಾರಿ ಕಾಯ್ದೆಯ 55ನೇ ಕಲಮು ಬೀಳುತ್ತದೆ: 10 ವರ್ಷದವರೆಗೆ ಜೈಲು, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಸಾಗಿಸಿದ ವಾಹನವೂ ಮುಟ್ಟುಗೋಲಿಗೆ ಒಳಗಾಗಬಹುದು. ಡ್ಯೂಟಿ ಫ್ರೀಯ ಕುಪ್ಪಿ ಅದಲ್ಲ ಎಂದು ತೋರಿಸಬೇಕಾದವರು ನೀವು. ಸೀಲು ಒಡೆಯದ ಚೀಲ, ಅದರೊಳಗೆ ಕಾಣುವಂತೆ ಬಿಲ್ಲು, ಬೋರ್ಡಿಂಗ್ ಪಾಸ್, ಅದೇ ದಿನದ ಮುದ್ರೆ ಬಿದ್ದ ಪಾಸ್‌ಪೋರ್ಟು, ಇವು ನಾಲ್ಕೂ ಕಾರಿನಲ್ಲೇ ಇರಬೇಕು, ಡಿಕ್ಕಿಯ ತಳದಲ್ಲಿ ಬೇಡ. ಬಿಲ್ಲಿನಲ್ಲಿರುವ ಹೆಸರಿನವರು ಅದೇ ಕಾರಿನಲ್ಲಿರಲಿ. ಕುಪ್ಪಿಯನ್ನು ಡ್ರೈವರ್ ಕೈಯಲ್ಲಿ ಕಳಿಸಿ ನೀವು ಬಸ್ಸಿನಲ್ಲಿ ಬಂದರೆ ಡ್ರೈವರ್ ಬಳಿ ಹೇಳಲು ಉತ್ತರವಿರುವುದಿಲ್ಲ. ವಿದೇಶದಲ್ಲಿ ತಯಾರಾದ ಮದ್ಯ ಒಬ್ಬರ ಬಳಿ ಇರಬಹುದಾದದ್ದು ಕೇರಳದಲ್ಲಿ 2.5 ಲೀಟರ್. ಮನೆಯಲ್ಲಿ ಹಳೆಯ ಕುಪ್ಪಿ ಉಳಿದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಈ ಕಾಗದಗಳೆಲ್ಲ ವಯಸ್ಸಿಗೆ ಬಂದವರನ್ನು ಕಾಪಾಡುತ್ತವೆ. 20ರ ಹುಡುಗನಿಗೆ ಇದೇ ಕಾಗದ ತಿರುಗಿ ಬೀಳುತ್ತದೆ, ಏಕೆಂದರೆ ಕುಪ್ಪಿ ಅವನದೇ ಎಂದು ಬಿಲ್ಲು ಸಾಕ್ಷಿ ಹೇಳುತ್ತದೆ. 23 ತುಂಬದವರು ಮದ್ಯ ಸೇವಿಸಬಾರದು, ಅವರಿಗೆ ಮಾರಬಾರದು ಎಂದು ಕೇರಳದ ಕಾಯ್ದೆಯ 15ಎ ಮತ್ತು 15ಬಿ ಹೇಳುತ್ತವೆ. "ಸ್ವಂತಕ್ಕೆ ತಂದಿದ್ದೇನೆ" ಎಂದು ಅವನು ಹೇಳುವ ಹಾಗಿಲ್ಲ. "ಮಾವನಿಗೆ ತಂದಿದ್ದೇನೆ" ಎಂದರೆ ಕಸ್ಟಮ್ಸ್ ಒಪ್ಪೀತು, ಉಡುಗೊರೆಯನ್ನು ಕಸ್ಟಮ್ಸ್ ಕಾಯ್ದೆಯ 79ನೇ ಕಲಮು ಒಪ್ಪುತ್ತದೆ. ಆದರೆ ಮಾವ ದುಡ್ಡು ಕೊಟ್ಟು ತರಿಸಿದ್ದಾದರೆ ಅದು ಉಡುಗೊರೆ ಹೇಗಾದೀತು? ಆ ಮಾವ ಅದನ್ನು ಇನ್ನೊಬ್ಬರಿಗೆ ಮಾರಿದರೆ ಪರವಾನಗಿ ಇಲ್ಲದ ಮಾರಾಟ, ಮತ್ತೆ 55ನೇ ಕಲಮು.

ಹದಿನೆಂಟರ ಕೆಳಗಿನ ಮಕ್ಕಳ ವಿಷಯಕ್ಕೆ ಬಂದಾಗ ಮಾತು ದೊಡ್ಡವರ ಕಡೆಗೆ ತಿರುಗುತ್ತದೆ, ದಯವಿಟ್ಟು ಗಮನವಿಟ್ಟು ಕೇಳಿ. 2015ರ ಬಾಲನ್ಯಾಯ ಕಾಯ್ದೆಯ 78ನೇ ಕಲಮಿನಂತೆ ಮದ್ಯವನ್ನು ಹೊರಲು, ಸಾಗಿಸಲು, ಮಾರಲು ಮಗುವನ್ನು ಬಳಸಿಕೊಂಡವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಮಗಳ ಬೆನ್ನಿನ ಚೀಲದಲ್ಲಿ ಒಂದು ಕುಪ್ಪಿ ಇಟ್ಟು "ಕೇಳಿದರೆ ಗೊತ್ತಿಲ್ಲ ಅನ್ನು" ಎಂದು ಹೇಳಿಕೊಡುವ ತಂದೆ ತಾಯಿ ಇದನ್ನು ತಿಳಿದು ಹಾಗೆ ಮಾಡಲಾರರು. ತಿಳಿಯದೆ ಮಾಡುತ್ತಾರೆ. ಪೆಟ್ಟಿಗೆ ತೆರೆದಾಗ ಆ ಮಗು ಒಬ್ಬಂಟಿಯಾಗಿ ಮೇಜಿನ ಮುಂದೆ ನಿಂತು ಉತ್ತರ ಕೊಡಬೇಕಾಗುತ್ತದೆ.

ವಯಸ್ಸು ತುಂಬಿದವರಿಗೆ ದಾರಿಯ ಕೆಲವು ವಿವರ. ಶೇ 70ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಮದ್ಯ ವಿಮಾನಕ್ಕೇ ಸಲ್ಲದು. ಮುಂಬೈಯಲ್ಲಿ ವಿಮಾನ ಬದಲಿಸುವವರು ಸಾಮಾನ್ಯವಾಗಿ ಅಲ್ಲೇ ಪೆಟ್ಟಿಗೆ ಇಳಿಸಿ ಕಸ್ಟಮ್ಸ್ ಮುಗಿಸಬೇಕು. ಮುಂದಿನ ದೇಶೀಯ ವಿಮಾನಕ್ಕೆ ಕುಪ್ಪಿಯನ್ನು ಕೈಚೀಲದಲ್ಲಿ ಒಯ್ದು ಭದ್ರತಾ ತಪಾಸಣೆಯಲ್ಲಿ ಕಳೆದುಕೊಂಡವರು ತುಂಬಾ ಜನ. ಪೆಟ್ಟಿಗೆಗೇ ಹಾಕಿ. ಹಾಕುವಾಗ ಕುಪ್ಪಿ ಅಂಚಿನಲ್ಲಿ ಬೇಡ, ನಡುವೆ ಇರಲಿ, ಕತ್ತಿನ ಭಾಗಕ್ಕೆ ದಪ್ಪ ಬಟ್ಟೆ ಸುತ್ತಿ, ಏಕೆಂದರೆ ಪೆಟ್ಟಿಗೆ ಬಿದ್ದಾಗ ಮೊದಲು ಮುರಿಯುವುದು ಕತ್ತು. ಊರಿಂದ ಹೋಗುವಾಗಲೂ ಒಂದು ಎಚ್ಚರ: ಕುವೈತಿಗಾಗಲಿ ಕತಾರಿಗಾಗಲಿ ಪ್ರಯಾಣಿಕರು ಒಂದು ಹನಿಯನ್ನೂ ಒಯ್ಯುವಂತಿಲ್ಲ.

ಇಷ್ಟಾದರೂ ವಯಸ್ಸು ತುಂಬದ ಯಾರದೋ ಪೆಟ್ಟಿಗೆಯಲ್ಲಿ ಕುಪ್ಪಿ ಬಂದೇಬಿಟ್ಟಿದೆ, ವಿಮಾನ ಇಳಿದಾಗಿದೆ ಎಂದಿಟ್ಟುಕೊಳ್ಳಿ. ಶೌಚಾಲಯದಲ್ಲಿ ಬಿಟ್ಟು ಬರುವುದು, ಸಾಲಿನಲ್ಲಿ ಪಕ್ಕದವರ ಕೈಗೆ ಕೊಡುವುದು, ಎರಡೂ ಬೇಡ. ಹೇಳಿಕೊಳ್ಳುವ ಸಾಮಾನು ಇಲ್ಲದವರ ಹಸಿರು ದಾರಿ ಬಿಟ್ಟು, ಇದೆ ಎಂದು ಹೇಳುವವರ ಕೆಂಪು ದಾರಿಗೆ ಹೋಗಿ. ಕೇಳುವ ಮೊದಲೇ "ನನ್ನ ಬಳಿ ಮದ್ಯ ಇದೆ, ವಯಸ್ಸು ಇಷ್ಟು" ಎಂದು ಹೇಳಿ. ಹೇಳದೆ ಸಿಕ್ಕಿಬಿದ್ದ ಮಿತಿಮೀರಿದ ಸಾಮಾನನ್ನು ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಡಿ ಮುಟ್ಟುಗೋಲು ಹಾಕಬಹುದು, 112ರಡಿ ದಂಡವೂ ಬೀಳಬಹುದು. ತಾನಾಗಿ ಹೇಳಿದವರಿಗೆ 80ನೇ ಕಲಮಿನ ದಾರಿ ಇದೆ: ಸುಂಕ ಬೀಳುವ ಸಾಮಾನನ್ನು ಅಲ್ಲೇ ಇರಿಸಿಕೊಂಡು ದೇಶ ಬಿಟ್ಟು ಹೋಗುವಾಗ ಕೊಡಿ ಎಂದು ಕೇಳಿಕೊಳ್ಳಬಹುದು. ಬೇಡವೇ ಬೇಡ ಎನಿಸಿದರೆ ಬಿಟ್ಟುಕೊಡುತ್ತೇನೆ ಎಂದು ಬರೆದು ಕೊಡಬಹುದು. ಮೈ ಶೋಧಿಸಲು ಬಂದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಿರಿ ಎಂದು ಕೇಳುವ ಹಕ್ಕು 102ನೇ ಕಲಮಿನಲ್ಲಿದೆ. ಸಾಮಾನು ಇರಿಸಿಕೊಂಡರೆ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ಕುಪ್ಪಿಯ ಹೆಸರು, ಅಳತೆ, ಸಂಖ್ಯೆ ಮೂರೂ ಬರೆದಿದೆಯೇ ಎಂದು ಮೇಜಿನ ಬಳಿಯೇ ಓದಿ, ಆಮೇಲೆ ಸಹಿ ಹಾಕಿ.