ಅಮ್ಮನ ಬಲಗೈ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಲಂಡನ್ನಿನ ಕೆಂಟಿಷ್ ಟೌನ್‌ನಲ್ಲಿ ಹುಟ್ಟಿದ ಬ್ಯಾಂಡು, ಕಿಟ್ಟಿ, ಡೇಸಿ ಅಂಡ್ ಲೂಯಿಸ್. ಇಬ್ಬರು ಅಕ್ಕತಂಗಿಯರು, ಅವರ ನಡುವೆ ಹುಟ್ಟಿದ ಒಬ್ಬ ಹುಡುಗ. ನುಡಿಸುವುದು ನಲವತ್ತು ಐವತ್ತರ ದಶಕಗಳ ಧಾಟಿಯ ರಾಕ್ ಅಂಡ್ ರೋಲ್, ಬ್ಲೂಸ್. ಹಿಂದೆ ಅಪ್ಪ ಗ್ರೇಮ್ ಡರ್ಹಾಮ್ ರಿದಂ ಗಿಟಾರು ಹಿಡಿದಿರುತ್ತಾರೆ, ಅಮ್ಮ ಇಂಗ್ರಿಡ್ ವೈಸ್ ಡಬಲ್ ಬೇಸ್, ಅಂದರೆ ಪಿಟೀಲಿನ ಆಕಾರದ, ಮಂದ್ರ ಸ್ವರದ ಆಳೆತ್ತರದ ವಾದ್ಯ, ಹಿಡಿದಿರುತ್ತಾರೆ. ಇವರ ಕಾರ್ಯಕ್ರಮ ನೋಡುವಾಗ, ವಿಡಿಯೊದಲ್ಲಾದರೂ ಸರಿ, ಅಮ್ಮನ ಬಲಗೈ ನೋಡಿ.

ಮುಂದಿನವರೇ ಕಣ್ಣು ಸೆಳೆಯುತ್ತಾರೆ, ಒಪ್ಪುತ್ತೇನೆ. ಒಂದು ಹಾಡು ಮುಗಿದರೆ ಡ್ರಮ್ಮಿನಿಂದ ಕಿಟ್ಟಿ ಎದ್ದು ಹಾರ್ಮೋನಿಕಾ ಹಿಡಿಯುತ್ತಾರೆ, ಆ ಜಾಗಕ್ಕೆ ಡೇಸಿ ಬರುತ್ತಾರೆ, ಲೂಯಿಸ್ ಗಿಟಾರು ಬಿಟ್ಟು ಪಿಯಾನೊಗೆ ಹೋಗುತ್ತಾರೆ. ಡ್ರಮ್ ಬಾರಿಸುವ ಕೈ ಬದಲಾದರೆ ಲಯದ ತೂಕವೂ ಬದಲಾಗಬೇಕು. ಆದರೂ ಹಾಡು ಜಾರುವುದಿಲ್ಲ, ಏಕೆಂದರೆ ಬೇಸ್ ಕೈ ಬದಲಾಗುವುದಿಲ್ಲ. ಇಂಗ್ರಿಡ್ ವೈಸ್ ಹಿಂದೆ ದಿ ರೇನ್‌ಕೋಟ್ಸ್ ಎಂಬ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವರು. ಬೇಸ್ ಹಿಡಿದರೂ ಕೈಯಲ್ಲಿ ಇರುವುದು ಡ್ರಮ್ಮೇ.

ಈ ಸಂಗೀತದ ನಡಿಗೆಗೆ ಶಫಲ್ ಅನ್ನುತ್ತಾರೆ. ನಮ್ಮವರಿಗೆ ಇದು ಕಷ್ಟವಲ್ಲ: ತಿಶ್ರ ನಡೆಯಲ್ಲಿ ‘ತಕಿಟ’ ಹೇಳಿ, ನಡುವಿನ ‘ಕಿ’ ನುಂಗಿಬಿಡಿ. ಬೇಸಿನ ತಂತಿಯನ್ನು ಬೆರಳಿನಿಂದ ಕೊಕ್ಕೆ ಹಾಕಿದಂತೆ ಹೊರಕ್ಕೆ ಎಳೆದು ಬಿಟ್ಟಾಗ ಅದು ಕೆಳಗಿರುವ, ಸ್ವರಕ್ಕಾಗಿ ಬೆರಳೊತ್ತುವ ಮರದ ಪಟ್ಟಿಗೆ ಬಡಿದು ‘ಟಕ್’ ಅನ್ನುತ್ತದೆ. ಮೇಲೆ ಅಂಗೈಯಿಂದ ಇನ್ನೊಂದು ಪೆಟ್ಟು. ಇದೇ ಸ್ಲ್ಯಾಪ್. ಸ್ವರವೂ ತಾಳವೂ ಒಂದೇ ಕೈಯಿಂದ.

ಈ ಸ್ಲ್ಯಾಪಿನ ಬಲ ತಿಳಿಯಲು ಒಂದು ಕತೆ ಕೇಳಿ. 1954ರ ಜುಲೈ 5. ಅಮೆರಿಕದ ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಅವರ ರೆಕಾರ್ಡಿಂಗ್ ಸ್ಟುಡಿಯೊ. 19 ವರ್ಷದ ಎಲ್ವಿಸ್ ಪ್ರೀಸ್ಲಿ, ಗಿಟಾರಿನ ಸ್ಕಾಟಿ ಮೂರ್, ಬೇಸಿನ ಬಿಲ್ ಬ್ಲ್ಯಾಕ್. ಮೂರೇ ಜನ, ಡ್ರಮ್ ಇಲ್ಲವೇ ಇಲ್ಲ. ನಿಧಾನದ ಹಾಡುಗಳನ್ನು ಹಾಡಿ ನೋಡಿದರು, ಯಾವುದೂ ಕೂಡಿಬರಲಿಲ್ಲ. ಬಿಡುವಿನಲ್ಲಿ ಎಲ್ವಿಸ್ ಒಂದು ಹಳೆಯ ಬ್ಲೂಸ್ ಹಾಡನ್ನು ಜೋರಾಗಿ, ಕುಣಿಯುತ್ತ ಶುರುಮಾಡಿದರು. ಬಿಲ್ ಬ್ಲ್ಯಾಕ್ ತಟ್ಟನೆ ಬೇಸ್ ಎತ್ತಿ ಟಕಟಕ ಬಾರಿಸತೊಡಗಿದರು, ಸ್ಕಾಟಿ ಮೂರ್ ಸೇರಿಕೊಂಡರು. ಒಳಗಿದ್ದ ಫಿಲಿಪ್ಸ್ ಇಣುಕಿ, ಅದೇನು ಮಾಡುತ್ತಿದ್ದೀರಿ ಎಂದು ಕೇಳಿ, ಮತ್ತೆ ಮೊದಲಿನಿಂದ ನುಡಿಸಲು ಹೇಳಿದರು. ಅದು ಎಲ್ವಿಸ್ ಅವರ ಮೊದಲ ಗ್ರಾಮಫೋನ್ ತಟ್ಟೆಯಾಯಿತು. ಅದರಲ್ಲಿ ಡ್ರಮ್ ಎಂದು ಜನ ತಿಳಿಯುವ ಸದ್ದು ಮರಕ್ಕೆ ಬಡಿದ ತಂತಿಯದು! ಬೇಸೇ ಡ್ರಮ್. ಇಷ್ಟು ಗೊತ್ತಿದ್ದೂ ವೇದಿಕೆಯಲ್ಲಿ ಬೇಸ್ ನೋಡದೆ ಬರುವವರಿಗೆ ಏನು ಹೇಳಲಿ?

ಸಮಯ ಓಡುತ್ತಿದೆ. ಎಲ್ಲಿ ನಿಲ್ಲಬೇಕು? ಬೇಸ್ ಇರುವ ಪಕ್ಕದಲ್ಲಿ, ವೇದಿಕೆಯಿಂದ ಹತ್ತು ಹದಿನೈದು ಅಡಿ ದೂರ. ಹಿಂದಿನ ಗೋಡೆಗೆ, ಮೂಲೆಗೆ ಒರಗಬೇಡಿ. ಮಂದ್ರದ ಸದ್ದು ಅಲ್ಲಿ ಗುಡ್ಡೆಯಾಗಿ ‘ಟಕ್’ ಮುಚ್ಚಿಹೋಗುತ್ತದೆ. ‘ಗುಂಯ್’ ಎಂದು ಕೇಳಿದರೆ, ಸ್ಪೀಕರಿನ ಸದ್ದು ಬೇಸಿನ ಟೊಳ್ಳು ಮೈಯನ್ನು ಅದುರಿಸಿ, ಅದನ್ನೇ ಪಿಕಪ್, ಅಂದರೆ ವಾದ್ಯಕ್ಕೆ ಅಂಟಿಸಿ ಅದರ ಅದುರನ್ನು ಹಿಡಿಯುವ ಪುಟ್ಟ ಸಾಧನ, ಮತ್ತೆ ಹಿಡಿದು ಸ್ಪೀಕರಿಗೆ ಕಳಿಸುತ್ತಿದೆ ಎಂದರ್ಥ. ಇದನ್ನು ತಡೆಯಲು ಬೇಸಿನ ಎದೆಯ ರಂಧ್ರಗಳಿಗೆ ಸ್ಪಂಜು ತುರುಕುತ್ತಾರೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಬಳಿ ಸ್ವರಕ್ಕೊಂದು ಪಿಕಪ್, ಪಟ್ಟಿಯ ಮೇಲೆ ಪೆಟ್ಟಿಗೊಂದು ಪಿಕಪ್ ಅಂಟಿಸುವವರೂ ಇದ್ದಾರೆ. ವಾದ್ಯಗಳ ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂತವರು ಎರಡನೆಯದನ್ನು ಇಳಿಸಿಬಿಟ್ಟರೆ ಇಡೀ ಬ್ಯಾಂಡು ಸೊರಗುತ್ತದೆ. ಕರುಳಿನ ತಂತಿಯ ಬೇಸಾದರೆ ದೀಪದ ಬಿಸಿಗೆ, ಗಾಳಿಯ ತೇವಕ್ಕೆ ಶ್ರುತಿ ಕದಲುತ್ತದೆ, ಹಾಡಿನ ನಡುವೆ ಬಿರಡೆ ತಿರುಗಿಸಲೇಬೇಕು. ಆಗ ದಯವಿಟ್ಟು ಕೂಗಾಡಬೇಡಿ. ಹತ್ತಿರ ನಿಲ್ಲುವವರು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ‘ಟಕ್’ ಅದರೊಳಗೂ ಕೇಳುತ್ತದೆ. ನಮಸ್ಕಾರ.